ತೊಂಬತ್ತೊಂಬತ್ತು ಪರ್ಸೆಂಟ್ ಬಂದ ದಿನವೇ ಅನುಮಾನ ಬರಬೇಕಿತ್ತು

ಐದನೇ ಸೆಮಿಸ್ಟರ್ ಶುರುವಾದ ವಾರದಲ್ಲೇ ನಮ್ಮ ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಪೋಸ್ಟರ್ ಬಂದು ಬಿತ್ತು. ಪ್ರಾಜೆಕ್ಟ್ ಟೈಟಲ್‌ಗಳ ಉದ್ದನೆಯ ಪಟ್ಟಿ, ಅದರ ಕೆಳಗೆ ‘ಕೋಡ್, ರಿಪೋರ್ಟ್, ಪಿಪಿಟಿ, ವೈವಾ ಪ್ರಶ್ನೋತ್ತರ ಎಲ್ಲ ಸೇರಿ ಒಂದು ಬ್ಯಾಚಿಗೆ ಎಂಟು ಸಾವಿರ ರೂಪಾಯಿ’ ಎಂಬ ಸಾಲು, ಕೊನೆಗೊಂದು ಫೋನ್ ನಂಬರು. ಮದುವೆ ಊಟದ ಕಾಂಟ್ರ್ಯಾಕ್ಟಿನ ಹಾಗೆ. ಎಲೆ, ನೀರು, ಬಡಿಸುವವರು ಎಲ್ಲ ಅವರದ್ದೇ. ನಾವು ಹೋಗಿ ಕೂತರೆ ಸಾಕು.

ಆ ಪಟ್ಟಿಯಲ್ಲಿ ನೆಟ್‌ವರ್ಕ್ ಸೆಕ್ಯುರಿಟಿಯೂ ಇತ್ತು. ಮಷಿನ್ ಲರ್ನಿಂಗ್ ಬಳಸಿ ನೆಟ್‌ವರ್ಕ್ ಮೇಲಿನ ದಾಳಿ ಪತ್ತೆ ಮಾಡುವ ಪ್ರಾಜೆಕ್ಟ್, ಆ್ಯಕ್ಯುರೆಸಿ 99%. ನಮ್ಮ ಬ್ಯಾಚಿಗೆ ಗೈಡ್ ಕೊಟ್ಟಿದ್ದ ವಿಷಯವೂ ಅದೇ.

ನಮ್ಮದು ನಾಲ್ಕು ಜನರ ಬ್ಯಾಚು. ನಾನು ಮಾಗಡಿ ತಾಲ್ಲೂಕಿನವಳು, ರಾಮನಗರದಲ್ಲಿ ಪಿ.ಜಿ.ಯಲ್ಲಿದ್ದೇನೆ. ಇನ್ನೊಬ್ಬಳು ಕನಕಪುರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಒಬ್ಬ ಚನ್ನಪಟ್ಟಣದವನು, ಬೆಂಗಳೂರು–ಮೈಸೂರು ರೈಲು ಹಿಡಿದು ಬರುತ್ತಾನೆ. ನಾಲ್ಕನೆಯವನು ರಾಮನಗರದವನೇ, ಕಾಲೇಜಿಗೆ ಎಲ್ಲರಿಗಿಂತ ಹತ್ತಿರ ಇರುವವನು, ಎಲ್ಲರಿಗಿಂತ ಕಡಿಮೆ ಬರುವವನು. ನಮ್ಮ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೊಸ ಹೆಸರು ಬಂತು. ಮಾಗಡಿಗೂ ಕನಕಪುರಕ್ಕೂ ರೈಲು ಮಾತ್ರ ಇನ್ನೂ ಬಂದಿಲ್ಲ. ಹಾಗಾಗಿ ನಮ್ಮ ಬ್ಯಾಚಿನಲ್ಲಿ ಯಾವ ಮೀಟಿಂಗ್ ಇಟ್ಟರೂ ಕೊನೆಯ ಬಸ್ಸಿನ ಟೈಮೇ ಅದರ ಅಧ್ಯಕ್ಷತೆ ವಹಿಸುತ್ತಿತ್ತು.

ಎಂಟು ಸಾವಿರವನ್ನು ನಾಲ್ಕರಿಂದ ಭಾಗಿಸಿದರೆ ತಲೆಗೆ ಎರಡು ಸಾವಿರ. ನಾನು ಅವ್ವನಿಗೆ ಫೋನ್ ಮಾಡಿ ‘ಪ್ರಾಜೆಕ್ಟ್‌ಗೆ ದುಡ್ಡು ಬೇಕು’ ಎಂದೆ. ‘ಹುಳ ನಾಕನೇ ಜ್ವರಕ್ಕೆ ಕೂತವೆ ಕಣವ್ವ, ಗೂಡು ಮಾರಿದ್ಮ್ಯಾಕೆ ಹಾಕ್ತೀನಿ’ ಎಂದಳು. ಏತಕ್ಕೆ ಎಂದು ಕೇಳಲಿಲ್ಲ. ಓದಿಗೆ ಎಂದರೆ ಅವಳು ಕೇಳುವುದಿಲ್ಲ. ಫೋನ್ ಇಟ್ಟ ಮೇಲೆ ಯಾಕೋ ಹೊಟ್ಟೆಯಲ್ಲಿ ಕಸಿವಿಸಿ.

ಹಾಗಂತ ನಾವೇನು ಆದರ್ಶಕ್ಕಾಗಿ ಕೊಳ್ಳುವುದನ್ನು ಬಿಟ್ಟವರಲ್ಲ. ತಡೆದವಳು ಕನಕಪುರದವಳು. ‘ರಿಪೋರ್ಟ್ ಟೈಪ್ ಮಾಡೋದು ಹೆಂಗಿದ್ರೂ ನಾನೇ ತಾನೆ? ಪ್ರತಿ ಸಲ ಹುಡ್ಗೀರಿಗೆ ರಿಪೋರ್ಟು, ಹುಡ್ಗರಿಗೆ ಕೋಡು. ಈ ಸಲ ಕೋಡನ್ನೂ ದುಡ್ಡು ಕೊಟ್ಟು ತರೋದಾದ್ರೆ ನೀವೇನ್ ಮಾಡ್ತೀರ?’ ಎಂದಳು. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅಲ್ಲಿಗೆ ಆ ಪೋಸ್ಟರಿನ ಕಥೆ ಮುಗಿಯಿತು.

ಅವಳ ಮಾತಿನಲ್ಲಿರುವುದು ನಮ್ಮ ಕ್ಲಾಸಿನ ಮಾತಷ್ಟೇ ಅಲ್ಲ ಎಂದು ನನಗೆ ಆಮೇಲೆ ಗೊತ್ತಾಯಿತು. ನನ್ನ ಚಿಕ್ಕಮ್ಮನ ಮಗಳು ಎಂ.ಟೆಕ್. ಓದುತ್ತಿದ್ದಾಳೆ. ಅವಳ ಬ್ಯಾಚಿನಲ್ಲೂ ನೆಟ್‌ವರ್ಕ್ ಸೆಕ್ಯುರಿಟಿಯ ಗುಂಪು ಪ್ರಾಜೆಕ್ಟ್ ಇತ್ತು. ಪಿ.ಜಿ. ಮಟ್ಟದಲ್ಲಾದರೂ ಬೇರೆ ಥರ ಇರಬಹುದು ಎಂದುಕೊಂಡು ಕೇಳಿದರೆ ಅಕ್ಕ ನಕ್ಕುಬಿಟ್ಟಳು. ಮೂವರಲ್ಲಿ ಒಬ್ಬ ಕೋಡ್ ಬರೆದ, ಒಬ್ಬಳು ಸ್ಲೈಡ್ ಮಾಡಿದಳು, ಇನ್ನೊಬ್ಬ ಸ್ಪೈರಲ್ ಬೈಂಡಿಂಗ್ ಮಾಡಿಸಿಕೊಂಡು ಬಂದ. ಅಂಕ ಮೂವರಿಗೂ ಒಂದೇ. ಕೋಡ್ ಬರೆದವನಿಗೆ ರಿಪೋರ್ಟಿನಲ್ಲಿ ಏನಿದೆ ಗೊತ್ತಿಲ್ಲ, ರಿಪೋರ್ಟ್ ಬರೆದವಳಿಗೆ ಕೋಡ್ ಓಡಿಸಲು ಬರುವುದಿಲ್ಲ. ಬೈಂಡಿಂಗ್ ಮಾಡಿಸಿದವನು ಇಂಟರ್‌ವ್ಯೂನಲ್ಲಿ ‘ನಿಮ್ಮ ಪ್ರಾಜೆಕ್ಟ್ ಬಗ್ಗೆ ಹೇಳಿ’ ಎಂದಾಗ ಮೂರನೇ ವಾಕ್ಯಕ್ಕೇ ನಿಂತುಬಿಟ್ಟನಂತೆ. ‘ಪ್ರಾಜೆಕ್ಟ್ ಮುಗಿಸೋದು ಬೇರೆ, ಪ್ರಾಜೆಕ್ಟ್ ಮಾಡೋದು ಬೇರೆ ಕಣೆ’ ಎಂದಳು ಅಕ್ಕ.

ಅವಳೇ ನಮಗೆ ಇನ್ನೊಂದು ಉಪಕಾರ ಮಾಡಿದಳು. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇದನ್ನು ಓದುತ್ತಿರುವವರಲ್ಲಿ ಹಲವರು ಇದೇ ಟೈಟಲ್ ಇಟ್ಟುಕೊಂಡು ಕೂತಿರುತ್ತೀರಿ ಎಂಬುದು ನನ್ನ ಗುಮಾನಿ.

ದಾಳಿ ಪತ್ತೆ ಮಾಡುವ ಮಷಿನ್ ಲರ್ನಿಂಗ್ ಪ್ರಾಜೆಕ್ಟುಗಳಲ್ಲಿ ಹೆಚ್ಚಿನವು ಎನ್‌ಎಸ್‌ಎಲ್-ಕೆಡಿಡಿ ಎಂಬ ಡೇಟಾಸೆಟ್ ಬಳಸುತ್ತವೆ. ಅದು 2009ರಲ್ಲಿ ಬಂದದ್ದು. ಅದರ ಮೂಲ 1999ರ ಕೆಡಿಡಿ ಕಪ್ ಸ್ಪರ್ಧೆಯ ಡೇಟಾ. ಅದರ ಮೂಲ 1998ರಲ್ಲಿ ಅಮೆರಿಕದ ಎಂಐಟಿ ಲಿಂಕನ್ ಲ್ಯಾಬೊರೇಟರಿಯಲ್ಲಿ, ವಾಯುಪಡೆಯ ನೆಟ್‌ವರ್ಕನ್ನು ಅನುಕರಿಸಿ ದಾಖಲಿಸಿದ ಟ್ರಾಫಿಕ್. ಅಂದರೆ ನಾನು ಹುಟ್ಟುವುದಕ್ಕೂ ಎಷ್ಟೋ ವರ್ಷ ಮುಂಚಿನ ಇಂಟರ್‌ನೆಟ್. ಆಗ ಯುಪಿಐ ಇಲ್ಲ, ಸ್ಮಾರ್ಟ್‌ಫೋನ್ ಇಲ್ಲ, ಮನೆಗೆ ವೈಫೈ ಇಲ್ಲ. ಇವತ್ತಿನ ಹಾಗೆ ಬಹುತೇಕ ಎಲ್ಲವೂ ಎನ್‌ಕ್ರಿಪ್ಟ್ ಆಗಿ ಹೋಗುವ ಕಾಲವೂ ಅಲ್ಲ.

ಆ ತರಬೇತಿ ಫೈಲಿನಲ್ಲಿ 1,25,973 ದಾಖಲೆಗಳಿವೆ. ನಾವು ಅದನ್ನೇ ಎರಡು ಪಾಲು ಮಾಡಿ, ಒಂದರಲ್ಲಿ ಕಲಿಸಿ ಇನ್ನೊಂದರಲ್ಲಿ ಪರೀಕ್ಷಿಸಿದೆವು. ಮೊದಲ ಸಲ ಓಡಿಸಿದಾಗಲೇ 99 ದಾಟಿತು. ಕುಣಿದಾಡಿದೆವು. ಚನ್ನಪಟ್ಟಣದವನು ಸ್ಕ್ರೀನ್‌ಶಾಟ್ ಸ್ಟೇಟಸ್‌ಗೆ ಹಾಕಿದ. ಅಕ್ಕ ಅದನ್ನು ನೋಡಿ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: ‘ಟೆಸ್ಟ್ ಫೈಲ್ ಬೇರೆ ಇದೆಯಲ್ಲ, ಅದರ ಮೇಲೆ ಓಡಿಸಿದ್ರಾ?’

ಓಡಿಸಿದೆವು. 22,544 ದಾಖಲೆಗಳ ಆ ಫೈಲಿನಲ್ಲಿ, ತರಬೇತಿಯಲ್ಲಿ ಒಮ್ಮೆಯೂ ಕಾಣಿಸದ ಬಗೆಯ ದಾಳಿಗಳೂ ಇವೆ. ಆ್ಯಕ್ಯುರೆಸಿ ಎಂಬತ್ತಕ್ಕಿಂತ ಕೆಳಗೆ ಬಿತ್ತು. ಸ್ಟೇಟಸ್ ಡಿಲೀಟ್ ಆಯಿತು.

ಇನ್ನೂ ಒಂದು ಲೆಕ್ಕವಿದೆ. ಆ ತರಬೇತಿ ಫೈಲಿನಲ್ಲಿ ಸಾಧಾರಣ ಬಳಕೆದಾರ ಅಡ್ಡದಾರಿಯಲ್ಲಿ ಇಡೀ ಕಂಪ್ಯೂಟರಿನ ಯಜಮಾನಿಕೆ ಕಸಿದುಕೊಳ್ಳುವ ದಾಳಿಗಳಿವೆ. ದಾಳಿಗಳಲ್ಲಿ ತುಂಬ ಅಪಾಯದವು ಇವು. ಅವುಗಳ ದಾಖಲೆ ಬರೀ 52. ಈ ಐವತ್ತೆರಡನ್ನೂ ಒಂದೂ ಬಿಡದೆ ತಪ್ಪಿಸಿಕೊಂಡು ಹೋಗಲು ಬಿಟ್ಟ ಮಾಡೆಲ್‌ಗೆ ಆ್ಯಕ್ಯುರೆಸಿಯಲ್ಲಿ ಆಗುವ ನಷ್ಟ ಸುಮಾರು 0.04%. ಮನೆಗೆ ಬಂದ ಸಾವಿರ ನೆಂಟರನ್ನು ಸರಿಯಾಗಿ ಗುರುತಿಸಿ, ಬಂದ ಒಬ್ಬನೇ ಕಳ್ಳನಿಗೆ ಕಾಫಿ ಕೊಟ್ಟು ಕಳಿಸಿದ ಕಾವಲುಗಾರನಿಗೆ 99.9 ಅಂಕ ಕೊಟ್ಟ ಹಾಗೆ. ಪೋಸ್ಟರಿನವರು ಮಾರುತ್ತಿದ್ದದ್ದು ಈ ಅಂಕವನ್ನೇ.

ಇಷ್ಟಾದ ಮೇಲೆ ಚನ್ನಪಟ್ಟಣದವನು ಒಂದು ಮಾತು ಹೇಳಿದ. ಅವನು ಸಂಜೆ ಹೊತ್ತು ಊರಿನಲ್ಲಿ ಒಂದು ಗೊಂಬೆ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ‘ಅಮೆರಿಕದ ಏರ್‌ಫೋರ್ಸ್ ಬಿಡ್ರೋ. ನಮ್ಮಣ್ಣನ ಅಂಗಡೀಲಿ ಒಂದು ನೆಟ್‌ವರ್ಕ್ ಇದೆ, ಅದನ್ನ ನೋಡೋಣ.’

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಹಳೇ ಹೆದ್ದಾರಿಯ ಗೊಂಬೆ ಅಂಗಡಿಗಳ ಮುಂದೆ ಕಾರು ನಿಲ್ಲುವುದು ಕಡಿಮೆಯಾಗಿದೆ. ಅಂಗಡಿಯವರು ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಮೇಲೆ ಆರ್ಡರ್ ಹಿಡಿಯಲು ಶುರುಮಾಡಿದ್ದಾರೆ. ಆ ಅಂಗಡಿಯಲ್ಲೂ ಒಂದು ಬಿಲ್ಲಿಂಗ್ ಕಂಪ್ಯೂಟರ್, ಒಂದು ವೈಫೈ ರೂಟರ್, ನಾಲ್ಕು ಸಿಸಿಟಿವಿ ಕ್ಯಾಮೆರಾ, ಅದರ ಡಿವಿಆರ್, ಹಣ ಬಂದರೆ ಕೂಗುವ ಡಬ್ಬಿ, ಮೂರು ಫೋನು. ನಮ್ಮ ಲ್ಯಾಬಿನಲ್ಲಿ ಇಲ್ಲದಷ್ಟು ಬಗೆಯ ಸಾಮಾನು ಅರಗಿನ ಬಣ್ಣದ ಕುದುರೆಗಳ ಹಿಂದೆ ಇತ್ತು.

ಹೋಗುವ ಮೊದಲು ಒಂದು ಪತ್ರ ಬರೆದೆವು. ಏನು ಪರೀಕ್ಷಿಸುತ್ತೇವೆ, ಯಾವ ದಿನ, ಏನನ್ನು ಮುಟ್ಟುವುದಿಲ್ಲ, ಸಿಕ್ಕಿದ್ದನ್ನು ಯಾರಿಗೆ ಹೇಳುತ್ತೇವೆ ಎಂದೆಲ್ಲ ಕನ್ನಡದಲ್ಲಿ ಬರೆದು ಅಂಗಡಿಯಣ್ಣನ ಸಹಿ ಪಡೆದೆವು. ಇದು ಬರೀ ಶಿಷ್ಟಾಚಾರವಲ್ಲ. ಒಡೆಯನ ಅನುಮತಿ ಇಲ್ಲದೆ ಇನ್ನೊಬ್ಬರ ಕಂಪ್ಯೂಟರ್ ಅಥವಾ ನೆಟ್‌ವರ್ಕಿನೊಳಗೆ ಹೋಗುವುದನ್ನು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ತಪ್ಪೆನ್ನುತ್ತದೆ. ಅದನ್ನು ವಂಚನೆಯ ಉದ್ದೇಶದಿಂದ ಮಾಡಿದರೆ 66ನೇ ಸೆಕ್ಷನ್ನಿನಡಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ಹಾಸ್ಟೆಲಿನ ವೈಫೈ ಮೇಲೆ ಎನ್‌ಮ್ಯಾಪ್ ಓಡಿಸಿ ‘ಹ್ಯಾಕ್ ಮಾಡ್ದೆ ಮಗಾ’ ಎಂದು ಕುಣಿಯುವವರು ಇದನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಅಂಗಡಿಯಣ್ಣ ಸಹಿ ಹಾಕುತ್ತಾ ಕೇಳಿದರು: ‘ಈಗ ಗಿರಾಕಿಗಳು ಸುಳ್ಳು ಪೇಮೆಂಟ್ ಸ್ಕ್ರೀನ್‌ಶಾಟ್ ತೋರ್ಸಿ ಗೊಂಬೆ ತಗೊಂಡು ಹೋಯ್ತಾರಲ್ಲ, ನಿಮ್ಮ ಮಿಷನ್ನು ಅದನ್ನ ಹಿಡೀತದಾ ಮಕ್ಳಾ?’

ಇಲ್ಲ, ಹಿಡಿಯುವುದಿಲ್ಲ. ನಾಲ್ವರೂ ಮುಖ ಮುಖ ನೋಡಿಕೊಂಡೆವು. ಮೂರು ವರ್ಷ ಓದಿದ ನಾವು, ಯಾರಿಂದ ಏನನ್ನು ಕಾಪಾಡಬೇಕು ಎಂಬ ಮೊದಲ ಪ್ರಶ್ನೆಯನ್ನೇ ಕೇಳಿಕೊಂಡಿರಲಿಲ್ಲ. ಪಠ್ಯದಲ್ಲಿ ಇದಕ್ಕೆ ಥ್ರೆಟ್ ಮಾಡೆಲ್ ಎಂದು ಹೆಸರಿದೆ, ಎರಡು ಮಾರ್ಕಿನ ಪ್ರಶ್ನೆಯಾಗಿ ಬರೆದೂ ಇದ್ದೇವೆ. ಅವತ್ತು ಅವರಿಗೆ ನಾವು ಹೇಳಲು ಸಾಧ್ಯವಾದದ್ದು ಇಷ್ಟೇ: ಸ್ಕ್ರೀನ್‌ಶಾಟ್ ನಂಬಬೇಡಿ, ಡಬ್ಬಿ ಕೂಗಿದರೆ ಅಥವಾ ನಿಮ್ಮ ಖಾತೆಯಲ್ಲಿ ಕಂಡರೆ ಮಾತ್ರ ಗೊಂಬೆ ಕೊಡಿ. ಮೋಸವಾದರೆ ತಕ್ಷಣ 1930ಕ್ಕೆ ಫೋನ್ ಮಾಡಿ.

ಇನ್ನು ನಮ್ಮ ಮಾಡೆಲ್ ಕಥೆ. ಅಂಗಡಿಯ ಟ್ರಾಫಿಕ್ಕನ್ನು ವೈರ್‌ಶಾರ್ಕಿನಲ್ಲಿ ಹಿಡಿದು ಮಾಡೆಲ್‌ಗೆ ಕೊಡೋಣ ಎಂದರೆ ಕೊಡುವುದಾದರೂ ಹೇಗೆ? ಆ ಡೇಟಾಸೆಟ್ಟಿನಲ್ಲಿ ಒಂದೊಂದು ದಾಖಲೆಗೆ 41 ಅಂಕಣ. ಎಷ್ಟು ಸಲ ಲಾಗಿನ್ ವಿಫಲವಾಯಿತು, ಒಳಗೆ ಹೋದವನು ರೂಟ್ ಆಗಲು ನೋಡಿದನೇ ಎಂಬಂಥ ಅಂಕಣಗಳೂ ಅದರಲ್ಲಿವೆ. ಪ್ಯಾಕೆಟ್ಟಿನ ಒಳಗಿರುವುದನ್ನು ಓದಲು ಆದರೆ ಮಾತ್ರ ಅವನ್ನು ತುಂಬಬಹುದು. ಇವತ್ತು ಒಳಗಿರುವುದೆಲ್ಲ ಎನ್‌ಕ್ರಿಪ್ಟ್. ನಮ್ಮ 99 ಪರ್ಸೆಂಟಿನ ಮಾಡೆಲ್ ಚನ್ನಪಟ್ಟಣದ ಒಂದು ಅಂಗಡಿಯ ಒಂದು ನಿಮಿಷದ ಟ್ರಾಫಿಕ್ಕನ್ನು ತಿನ್ನಲೂ ಆಗದೆ ಕೂತಿತು. ನಾನು ಓದಿದ ಯಾವ ಹಳೆಯ ಪ್ರಾಜೆಕ್ಟ್ ರಿಪೋರ್ಟಿನಲ್ಲೂ ಈ ಮಾತು ಇರಲಿಲ್ಲ. ಯಾಕೆಂದರೆ ಯಾರೂ ಮಾಡೆಲ್ಲನ್ನು ಹೊರಗೆ ಕರೆದುಕೊಂಡು ಹೋಗಿರಲಿಲ್ಲ.

ಮಾಡೆಲ್ ಬದಿಗಿಟ್ಟು ಕಣ್ಣಿನಲ್ಲಿ ನೋಡಿದಾಗ ಸಿಕ್ಕಿದ್ದು ಬೇರೆ. ರೂಟರಿನ ಯೂಸರ್ ನೇಮ್ ಅಡ್ಮಿನ್, ಪಾಸ್‌ವರ್ಡ್ ಕೂಡ ಅಡ್ಮಿನ್. ಗಿರಾಕಿಗಳಿಗೆ ಕೊಡುವ ವೈಫೈಯಲ್ಲೇ ಬಿಲ್ಲಿಂಗ್ ಕಂಪ್ಯೂಟರೂ ಇದೆ. ಡಿವಿಆರ್ ಪಾಸ್‌ವರ್ಡ್ ಆ ಡಬ್ಬಿಯ ಮೇಲೇ ಸ್ಟಿಕ್ಕರಿನಲ್ಲಿದೆ. ಮನೆಯಿಂದ ಕ್ಯಾಮೆರಾ ನೋಡಲಿ ಎಂದು ಹಾಕಿಕೊಟ್ಟವರು ಪೋರ್ಟ್ ತೆರೆದಿಟ್ಟು ಹೋಗಿದ್ದಾರೆ. ರಸ್ತೆಯಲ್ಲಿ ನಿಂತು ಮೊಬೈಲ್ ಡೇಟಾದಲ್ಲಿ ಅಂಗಡಿಯ ಐಪಿ ವಿಳಾಸ ಹೊಡೆದರೆ ಲಾಗಿನ್ ಪುಟ ಬಂದು ನಿಲ್ಲುತ್ತದೆ.

ಇದರಿಂದ ಆಗುವುದೇನು ಎಂದು ಅಂಗಡಿಯಣ್ಣ ಕೇಳಿದರೆ ಉತ್ತರ ಬೇಕಲ್ಲ. ಕಾವ್ರಿ ಎಂಬ ಹನಿಪಾಟ್ ಸಾಫ್ಟ್‌ವೇರ್ ಇದೆ. ಅದು ಪಾಪದ ಕಂಪ್ಯೂಟರಿನಂತೆ ನಟಿಸುತ್ತಾ, ಒಳಗೆ ನುಗ್ಗಲು ಬಂದವರು ಏನೇನು ಟೈಪ್ ಮಾಡುತ್ತಾರೆ ಎಂದು ಬರೆದಿಟ್ಟುಕೊಳ್ಳುತ್ತದೆ. ಅದನ್ನು ನನ್ನ ರೂಮಿನಲ್ಲಿ ಮೊಬೈಲ್ ಹಾಟ್‌ಸ್ಪಾಟಿಗೆ ಸಿಕ್ಕಿಸಿ ಕಾದೆವು. ಒಂದು ದಿನ, ಎರಡು ದಿನ, ಮೂರು ದಿನ. ಒಂದು ನೊಣವೂ ಬರಲಿಲ್ಲ. ರಾಮನಗರಕ್ಕೆ ಹ್ಯಾಕರುಗಳೂ ಬರುವುದಿಲ್ಲವಲ್ಲ ಎಂದು ನಕ್ಕೆವು. ಆಮೇಲೆ ಗೊತ್ತಾದದ್ದು, ನಮ್ಮ ಮೊಬೈಲ್ ಕನೆಕ್ಷನ್ನಿಗೆ ಸ್ವಂತ ಪಬ್ಲಿಕ್ ಐಪಿಯೇ ಇಲ್ಲ. ಕಂಪನಿಯವರು ಒಂದೇ ವಿಳಾಸದ ಹಿಂದೆ ಬಹಳಷ್ಟು ಗಿರಾಕಿಗಳನ್ನು ಕೂರಿಸಿರುತ್ತಾರೆ. ಸಿಜಿನ್ಯಾಟ್ ಎಂದು ಅದರ ಹೆಸರು. ಒಳಗಿನ ಆ ವಿಳಾಸ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನೀವೂ ಅದರ ಹಿಂದೆ ಇದ್ದೀರಿ ಎಂದರ್ಥ. ದೊಡ್ಡ ಅಪಾರ್ಟ್‌ಮೆಂಟಿನ ಗೇಟಿನವರೆಗೆ ಬಂದ ಕಾಗದ ಯಾವ ಮನೆಗೆ ಎಂದು ಗೊತ್ತಾಗದೆ ವಾಪಸ್ಸು ಹೋದ ಹಾಗೆ, ನಮ್ಮ ಬಾಗಿಲಿನವರೆಗೆ ಯಾರೂ ಬರಲು ಸಾಧ್ಯವಿರಲಿಲ್ಲ. ಮೂರು ದಿನ ಹಾಳಾಯಿತು. ಆದರೆ ನ್ಯಾಟ್ ಎಂದರೇನು ಎಂದು ಇನ್ನು ಯಾರೂ ನನಗೆ ಹೇಳಿಕೊಡಬೇಕಿಲ್ಲ.

ವಿದ್ಯಾರ್ಥಿಗಳಿಗೆ ಸಿಗುವ ಉಚಿತ ಕ್ಲೌಡ್ ಸರ್ವರಿನಲ್ಲಿ ಅದನ್ನೇ ಇಟ್ಟಾಗ ಒಂದು ಗಂಟೆಯೊಳಗೆ ಬಾಗಿಲು ಬಡಿಯುವವರು ಶುರುವಾದರು. ರೂಟ್, ಅಡ್ಮಿನ್, 123456 ಹೀಗೆ ಒಂದೇ ಸಮ. ನಡುವೆ ‘ಎಕ್ಸ್‌ಸಿ3511’ ಎಂಬ ವಿಚಿತ್ರ ಪಾಸ್‌ವರ್ಡ್ ಮತ್ತೆ ಮತ್ತೆ. ಹುಡುಕಿದರೆ ಅದು ಒಂದು ಬಗೆಯ ಡಿವಿಆರ್ ಬೋರ್ಡುಗಳಿಗೆ ಕಾರ್ಖಾನೆಯಲ್ಲೇ ಹಾಕಿದ್ದ ಪಾಸ್‌ವರ್ಡ್. 2016ರ ಮಿರಾಯ್ ಎಂಬ ಮಾಲ್‌ವೇರಿನ ಪಟ್ಟಿಯಲ್ಲಿದ್ದದ್ದು.

ಮಿರಾಯ್ ಕಥೆ ನಮ್ಮ ವಯಸ್ಸಿನವರೆಲ್ಲ ಓದಬೇಕಾದದ್ದು. ಸುಮಾರು ಅರವತ್ತು ಜೊತೆ ಡೀಫಾಲ್ಟ್ ಯೂಸರ್ ನೇಮ್–ಪಾಸ್‌ವರ್ಡ್ ಇಟ್ಟುಕೊಂಡು, ಜಗತ್ತಿನ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ಅದು ವಶಮಾಡಿಕೊಂಡಿತು. 2016ರ ಅಕ್ಟೋಬರ್ 21ರಂದು ಮಿರಾಯ್ ಬಳಸಿ ಡೈನ್ ಎಂಬ ಕಂಪನಿಯ ಮೇಲೆ ನಡೆದ ದಾಳಿಯಿಂದ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಅಮೆರಿಕದಲ್ಲಿ ಗಂಟೆಗಟ್ಟಲೆ ತೊಡರಿದವು. ಮಿರಾಯ್ ಬರೆದವರು ಮೂವರು ಹುಡುಗರು. ಅವರಲ್ಲಿ ಪರಸ್ ಝಾ ರಟ್ಗರ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ, ಹೆಚ್ಚುಕಡಿಮೆ ನಮ್ಮ ವಯಸ್ಸು. 2017ರಲ್ಲಿ ತಪ್ಪೊಪ್ಪಿಕೊಂಡರು, 2018ರಲ್ಲಿ ಐದು ವರ್ಷದ ಪ್ರೊಬೇಷನ್ ಮತ್ತು 2,500 ಗಂಟೆ ಸಮುದಾಯ ಸೇವೆಯ ಶಿಕ್ಷೆಯಾಯಿತು. ಕೆಲಸ ಹಂಚಿಕೊಳ್ಳುವುದರಲ್ಲಿ ಆ ಮೂವರು ನಮಗಿಂತ ಮುಂದಿದ್ದರು ಎಂದು ಕನಕಪುರದವಳು ಚಟಾಕಿ ಹಾರಿಸಿದಳು.

ಅಂಗಡಿಯ ಕೆಲಸ ಒಂದು ಭಾನುವಾರದಲ್ಲಿ ಮುಗಿಯಿತು. ಪಾಸ್‌ವರ್ಡ್ ಬದಲಾಯಿಸಿದೆವು, ಗಿರಾಕಿಗಳಿಗೆ ಬೇರೆ ವೈಫೈ ಮಾಡಿದೆವು, ಆ ಪೋರ್ಟ್ ಮುಚ್ಚಿದೆವು, ಲ್ಯಾಬಿನಿಂದ ಕೇಳಿ ತಂದ ರಾಸ್‌ಬೆರಿ ಪೈಯಲ್ಲಿ ಆರ್ಪ್‌ವಾಚ್ ಹಾಕಿ, ಹೊಸ ಸಾಧನ ನೆಟ್‌ವರ್ಕಿಗೆ ಬಂದರೆ ಮೆಸೇಜ್ ಬರುವಂತೆ ಮಾಡಿದೆವು. ಇದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ನಮ್ಮ ಹುಳದ ಮನೆಯಲ್ಲಿ ಅವ್ವ ಕಿಟಕಿಗೆ ಊಜಿ ನೊಣದ ಪರದೆ ಕಟ್ಟುತ್ತಾಳೆ, ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಹಾಕುತ್ತಾಳೆ, ಪಕ್ಕದ ಮನೆಯವರು ಬಂದರೂ ಕಾಲು ತೊಳೆಯದೆ ಒಳಗೆ ಬಿಡುವುದಿಲ್ಲ. ಒಬ್ಬರ ಮನೆಯ ಹುಳಕ್ಕೆ ರೋಗ ಬಂದರೆ ಊರಿಗೇ ಬರುತ್ತದೆ ಎಂದು ಅವಳಿಗೆ ಗೊತ್ತು. ಅದೇ ಅವ್ವ ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯ ದುಡ್ಡು ಬ್ಯಾಂಕಿಗೆ ಬಂತಾ ನೋಡಲು ಸಿಕ್ಕಿದವರ ಕೈಗೆಲ್ಲ ಫೋನ್ ಕೊಡುತ್ತಿದ್ದಳು. ಗೂಡಿನ ಹರಾಜು ಇ-ಹರಾಜಾಗಿದೆ, ದುಡ್ಡು ಮೆಸೇಜಾಗಿ ಬರುತ್ತದೆ, ಪರದೆ ಕಟ್ಟುವ ಬುದ್ಧಿ ಮಾತ್ರ ಹುಳದ ಮನೆಯಲ್ಲೇ ಉಳಿದಿದೆ. ಈಗ ಅವಳ ಫೋನಿಗೆ ಲಾಕ್ ಹಾಕಿಕೊಟ್ಟಿದ್ದೇನೆ. ಪಿನ್ ಮರೆತು ನನಗೆ ಮೂರು ಸಲ ಬೈದಿದ್ದಾಳೆ.

ಇನ್ನು ರಾಮನಗರದ ಗೆಳೆಯನ ವಿಷಯ. ಒಂದು ತಿಂಗಳು ಅವನು ಯಾವ ಮೀಟಿಂಗಿಗೂ ಬರಲಿಲ್ಲ. ಅವನ ಹೆಸರು ತೆಗೆಸೋಣ ಎಂದು ನಾವು ಗೈಡ್ ಹತ್ತಿರ ಹೋಗುವುದರಲ್ಲಿದ್ದೆವು. ಆಗ ಗೊತ್ತಾಯಿತು, ಅವನು ಬಿಡದಿಯ ಒಂದು ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡಿ ಬೆಳಿಗ್ಗೆ ಕ್ಲಾಸಿನಲ್ಲಿ ನಿದ್ದೆ ಮಾಡುತ್ತಿದ್ದ. ಮನೆಯಲ್ಲಿ ಅಪ್ಪನಿಗೆ ಹುಷಾರಿರಲಿಲ್ಲ. ಹೆಸರು ತೆಗೆಸಲಿಲ್ಲ. ಆದರೆ ಅವನು ನಮ್ಮಷ್ಟು ಕೆಲಸ ಮಾಡಿದ ಎಂದು ನಾನು ಇಲ್ಲಿ ಬರೆದರೆ ಅದೂ ಸುಳ್ಳೇ. ಹನಿಪಾಟಿನ ಲಾಗ್ ವಿಂಗಡಿಸುವುದೊಂದನ್ನು ಮಾಡಿದ, ಅಷ್ಟೇ.

ಅದಕ್ಕೇ ರಿಪೋರ್ಟಿನಲ್ಲಿ ಒಂದು ಪುಟ ಸೇರಿಸಿದೆವು: ಯಾರು ಏನು ಮಾಡಿದೆವು, ಎಷ್ಟು ಮಾಡಿದೆವು, ಏನು ಆಗಲಿಲ್ಲ. ಅವನೇ ತನ್ನ ಹೆಸರಿನ ಮುಂದೆ ‘ಲಾಗ್ ವಿಂಗಡಣೆ ಮಾತ್ರ’ ಎಂದು ಬರೆದ. ನಾವು ‘ಕೆಲಸದ ಒತ್ತಡದಿಂದ’ ಎಂದು ಸೇರಿಸಿದೆವು. ರಿಪೋರ್ಟ್ ತಿದ್ದುವಾಗ ಆ ಪುಟ ತೆಗೆಯಲು ಹೇಳಿದರು. ಫಾರ್ಮ್ಯಾಟಿನಲ್ಲಿ ಅಂಥ ಪುಟ ಇಲ್ಲವಂತೆ. ಆಭಾರ ಮನ್ನಣೆಗೆ ಒಂದು ಪುಟ ಇದೆ, ಸ್ವಂತ ಕೆಲಸ ಎಂಬ ಘೋಷಣೆಗೆ ಒಂದು ಪುಟ ಇದೆ. ಯಾರು ಮಾಡಿದರು ಎನ್ನುವುದಕ್ಕೆ ಜಾಗ ಇಲ್ಲ.

ವೈವಾ ಹತ್ತು ನಿಮಿಷದಲ್ಲಿ ಮುಗಿಯಿತು. ‘ಆ್ಯಕ್ಯುರೆಸಿ ಎಷ್ಟು?’ ಎಂದು ಕೇಳಿದರು. ಎರಡು ಸಂಖ್ಯೆಯನ್ನೂ ಹೇಳಿ, ಯಾಕೆ ಎರಡು ಎಂದು ವಿವರಿಸಿದೆವು. ‘ಕಮ್ಮಿ ಆಯ್ತಲ್ಲಮ್ಮ’ ಎಂದರು. ಅಂಗಡಿಯ ಕೆಲಸಕ್ಕೆ ‘ಇದರಲ್ಲಿ ನಾವೆಲ್ಟಿ ಏನು?’ ಎಂದರು. ಕನಕಪುರದವಳನ್ನು ಟಿಸಿಪಿ ಹ್ಯಾಂಡ್‌ಶೇಕ್ ಬಗ್ಗೆ ಕೇಳಿದಾಗ, ಅವಳು ಅಂಗಡಿಯಲ್ಲಿ ಹಿಡಿದ ಪ್ಯಾಕೆಟ್ಟುಗಳನ್ನೇ ತೆರೆದು ತೋರಿಸಿದಳು. ಮೂವರು ಅಧ್ಯಾಪಕರಲ್ಲಿ ಒಬ್ಬರು ಕುರ್ಚಿ ಮುಂದಕ್ಕೆ ಎಳೆದುಕೊಂಡು ನೋಡಿದರು. ಅದೊಂದೇ ನಮಗೆ ಆ ದಿನದ ಸಂತೋಷ. ಪೋಸ್ಟರಿನ ಪ್ರಾಜೆಕ್ಟ್ ಕೊಂಡ ಬ್ಯಾಚಿಗೆ ನಮಗಿಂತ ಹೆಚ್ಚು ಅಂಕ ಬಂತು. ನಮ್ಮ ನಾಲ್ವರಿಗೂ ಒಂದೇ ಅಂಕ. ರಾಮನಗರದವನು ಎರಡು ದಿನ ನಮ್ಮ ಜೊತೆ ಟೀ ಕುಡಿಯಲೂ ಬರಲಿಲ್ಲ.

ಅಧ್ಯಾಪಕರನ್ನು ದೂರುವುದು ಸುಲಭ. ಹದಿನೈದು ಬ್ಯಾಚು, ಒಂದು ದಿನ, ಮಧ್ಯೆ ಎರಡು ಇನ್‌ವಿಜಿಲೇಷನ್, ಮೇಲೆ ಮಾನ್ಯತೆಯ ಸಮಿತಿಗೆಂದು ಕಟ್ಟು ಕಟ್ಟು ಫೈಲು. ಅವರಿಗೂ ಹತ್ತು ನಿಮಿಷದಲ್ಲಿ ಹಿಡಿಯಲು ಸಿಗುವುದು ಒಂದು ಸಂಖ್ಯೆಯೇ. ಆದರೆ ಬದಲಾಯಿಸಬೇಕಾದದ್ದಕ್ಕೆ ದುಡ್ಡೂ ಬೇಡ, ಸಮಿತಿಯೂ ಬೇಡ. ಯಾರು ಏನು ಮಾಡಿದರು ಎಂಬ ಒಂದು ಪುಟವನ್ನು ಫಾರ್ಮ್ಯಾಟಿಗೆ ಸೇರಿಸಿ, ಅದಕ್ಕೆ ನಾಲ್ವರ ಸಹಿ ಇರಲಿ. ಪ್ರಶ್ನೆಗಳನ್ನು ಅದೇ ಪುಟ ನೋಡಿಕೊಂಡು ಒಬ್ಬೊಬ್ಬರಿಗೆ ಕೇಳಲಿ, ರಿಪೋರ್ಟ್ ಬರೆದವರಿಗೆ ಕೋಡಿನದ್ದು, ಕೋಡ್ ಬರೆದವರಿಗೆ ರಿಪೋರ್ಟಿನದ್ದು. ಪಾಳಿ ಮಾಡುವ ಹುಡುಗನಿಗೆ ಕಡಿಮೆ ಅಂಕ ಬರಬಹುದು. ಆದರೆ ಅವನು ಪಾಳಿ ಮಾಡುತ್ತಿದ್ದಾನೆ ಎಂದು ಕಾಲೇಜಿಗೆ ಗೊತ್ತಾಗಲು ಆ ಪುಟ ಬಿಟ್ಟರೆ ನಮ್ಮಲ್ಲಿ ಬೇರೆ ದಾರಿ ಇಲ್ಲ. ಈಗಿನ ಸಮಾನ ಅಂಕ ಅವನ ಕಷ್ಟವನ್ನೂ ಮುಚ್ಚುತ್ತದೆ, ಸೋಮಾರಿಯ ಸೋಮಾರಿತನವನ್ನೂ ಮುಚ್ಚುತ್ತದೆ. ‘ಏನು ಆಗಲಿಲ್ಲ’ ಎಂಬುದಕ್ಕೆ ಹತ್ತೇ ಅಂಕ ಇಟ್ಟರೂ ಪೋಸ್ಟರಿನವರ ವ್ಯಾಪಾರ ಅರ್ಧ ನಿಲ್ಲುತ್ತದೆ. ಸೋಲನ್ನು ಅವರು ಎಂಟು ಸಾವಿರಕ್ಕೆ ಮಾರುವುದಿಲ್ಲ.

ನಮ್ಮವರಿಗೂ ಒಂದು ಮಾತು. ‘ಪ್ಲೇಸ್‌ಮೆಂಟಿನಲ್ಲಿ ಕೇಳೋದು ಆ್ಯಪ್ಟಿಟ್ಯೂಡು, ಕೋಡಿಂಗು. ಪ್ರಾಜೆಕ್ಟ್ ಯಾರು ನೋಡ್ತಾರೆ?’ ಎನ್ನುವವರಿದ್ದೀರಿ. ಮೊದಲ ಸುತ್ತಿಗೆ ಅದು ನಿಜ. ಸೆಕ್ಯುರಿಟಿ ಕೆಲಸಕ್ಕೆ ಹೋಗುವವರಿಗೆ ಮಾತ್ರ ಎರಡನೇ ಸುತ್ತಿನಲ್ಲಿ ರೆಸ್ಯೂಮೆಯ ಪ್ರಾಜೆಕ್ಟನ್ನೇ ಹಿಡಿದು ಜಗ್ಗುತ್ತಾರೆ ಎಂದು ಅಕ್ಕನ ಸೀನಿಯರ್‌ಗಳೆಲ್ಲ ಹೇಳುತ್ತಾರೆ. ರಾಜ್ಯ ಸರ್ಕಾರದ ಸೈಬರ್ ಸೆಕ್ಯುರಿಟಿ ಉತ್ಕೃಷ್ಟತಾ ಕೇಂದ್ರ ಸೈಸೆಕ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿದೆ, ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ಕರೆಯುತ್ತದೆ. ಪ್ರಾಜೆಕ್ಟಿಗೆ ದುಡ್ಡು ಬೇಕಾದವರಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮವಿದೆ. ಅದು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ದಶಕಗಳಿಂದ ನೆರವು ಕೊಡುತ್ತಾ ಬಂದಿದೆ. ಪೋಸ್ಟರ್ ಫಾರ್ವರ್ಡ್ ಆದಷ್ಟು ಬೇಗ ಈ ಸುದ್ದಿ ನಮ್ಮ ಗುಂಪುಗಳಲ್ಲಿ ಫಾರ್ವರ್ಡ್ ಆಗುವುದಿಲ್ಲ.

ಗೂಡು ಮಾರಿದ ಮೇಲೆ ಅವ್ವ ಎರಡು ಸಾವಿರ ಹಾಕಿದ್ದಳು. ನಾನು ವಾಪಸ್ಸು ಕಳಿಸಿದಾಗ ಗಾಬರಿಯಾಗಿ ಫೋನ್ ಮಾಡಿದಳು, ಯಾರೋ ಮೋಸಗಾರರು ದುಡ್ಡು ಹಾಕಿದ್ದಾರೆ ಎಂದು. ಅಷ್ಟರಮಟ್ಟಿಗೆ ಪಾಠ ತಲುಪಿದೆ.

ಈಗ ಆರನೇ ಸೆಮಿಸ್ಟರ್, ದೊಡ್ಡ ಪ್ರಾಜೆಕ್ಟಿನ ಮೊದಲ ಹಂತ. ಬ್ಯಾಚ್ ಬದಲಾಯಿಸಲು ಅವಕಾಶ ಇತ್ತು, ನಾಲ್ವರೂ ಬದಲಾಯಿಸಲಿಲ್ಲ. ರಾಮನಗರದವನು ಪಾಳಿ ಬಿಟ್ಟಿಲ್ಲ, ವಾರಕ್ಕೆ ಎರಡು ಸಂಜೆ ಬರುತ್ತೇನೆ ಎಂದು ಮೊದಲೇ ಹೇಳಿದ್ದಾನೆ. ಆ ಎರಡು ಸಂಜೆಗೆ ತಕ್ಕ ಕೆಲಸವನ್ನೇ ಅವನ ಹೆಸರಿನ ಮುಂದೆ ಬರೆದುಕೊಂಡಿದ್ದೇವೆ. ಕನಕಪುರದವಳು ಕೋಡ್ ಬರೆಯುತ್ತಾಳೆ, ರಿಪೋರ್ಟ್ ಈ ಸಲ ಚನ್ನಪಟ್ಟಣದವನದು. ಮೊನ್ನೆ ಅಂಗಡಿಯ ಪೈಯಿಂದ ಹೊಸ ಸಾಧನ ಬಂದಿದೆ ಎಂಬ ಮೆಸೇಜ್ ಬಂತು. ರಾತ್ರಿ ಒಂಬತ್ತು ಗಂಟೆ. ಅಂಗಡಿಯಣ್ಣನಿಗೆ ಫೋನ್ ಮಾಡಿದರೆ, ಊರಿಂದ ಬಂದ ಅಳಿಯನ ಫೋನಂತೆ. ಇಡುವ ಮೊದಲು ಮತ್ತೆ ಕೇಳಿದರು: ‘ಆ ಸ್ಕ್ರೀನ್‌ಶಾಟ್ ಇಚಾರ ಏನಾಯ್ತು ಮಗಾ?’ ಈ ಸಲದ ಟೈಟಲ್ ಅದೇ. ಗೈಡ್ ಇನ್ನೂ ಒಪ್ಪಿಲ್ಲ.